ನಮ್ಮವರ ಸೊಂಟದ ಬ್ಯಾಟರಿ ಪಟ್ಟಾ

ಅತನೂರ
೧೦-೯-೧೯೮೪

ಪ್ರೀತಿಯ ತಂಗಿ ಕಸ್ತೂರಿಬಾಯಿಗೆ ನಿನ್ನ ಅಕ್ಕ ಗೌರಾಬಾಯಿಯ ಆಶೀರ್ವಾದಗಳು.

ಪಂಚಮಿಯ ಹೊತ್ತಿಗೆ ನೀನು ಆಳಂದದಿಂದ ಬರೆದ ಪತ್ರಕ್ಕೆ ಈಗ ಉತ್ತರ ಬರೆಯಲು ಕುಳಿತಿದ್ದೇನೆ. ಬೈಯುವುದಿದ್ದರೆ ಪತ್ರ ಪೂರ್ತಿ ಓದಿ ಆಮೇಲೆ ಬೈ. ನೀನು ಕಳಿಸಿದ ಕೆಮ್ಮಿನ ಕಷಾಯದ ಪುಡಿ ಮುಟ್ಟಿತು. ನಿನ್ನ ಭಾವ ಅದನ್ನು ಎರಡು ದಿನ ಮುಖ ಕಿವುಚಿಕೊಂಡು ಕುಡಿದರು, ಉಳಿದದ್ದನ್ನು ನಾನು ನೋಡದಾಗ ಎಮ್ಮೆಯ ಹಿಂಡಿಯಲ್ಲಿ ಕಲಸಿದರು. ಎಮ್ಮೆ ಆರೋಗ್ಯವಾಗಿದೆ, ಒಮ್ಮೆಯೂ ಕೆಮ್ಮಿಲ್ಲ. ಮನೆಯ ಕ್ಷೇಮ ಸಮಾಚಾರವನ್ನು ಎಮ್ಮೆಯಿಂದ ಶುರು ಮಾಡಿದ್ದೇಕೆ ಎಂದು ಕೇಳಬೇಡ. ಈ ಮನೆಯಲ್ಲಿ ನನಗೆ ಹೇಸಿಗೆ ಹುಟ್ಟಿಸದ ಜೀವ ಅದೊಂದೇ.

ಪತ್ರ ತಡವಾದದ್ದಕ್ಕೆ ಕಾರಣ ಆ ಪಟ್ಟಾ. ಹೋದ ವರ್ಷ ನೀನು ಬಂದಾಗ ಮೂಗಿಗೆ ಸೆರಗು ಹಿಡಿದು, "ಯಕ್ಕಾ, ಮನಿಯಾಗ ಎಲ್ಲರ ಇಲಿ ಸತ್ತದೇನಬೇ?" ಎಂದು ಕೇಳಿದ್ದೆಯಲ್ಲ, ಅದೇ. ನೀನು ದೂರದಿಂದ ಮೂಸಿದ್ದೀಯೇ ಹೊರತು ಹತ್ತಿರದಿಂದ ದರ್ಶನ ಮಾಡಿಲ್ಲ. ಅಂಗೈ ಅಗಲದ ದಪ್ಪ ಚರ್ಮದ ಪಟ್ಟಿ. ಅದರ ಬಲಗಡೆಗೆ ಕಬ್ಬಿಣದ ಬಳೆ ಬಿಗಿದು ಹೊಲಿದ, ಒಂದು ಇಟ್ಟಿಗೆ ಹಿಡಿಸುವಷ್ಟು ಗೂಡು. ಗಣಿಯೊಳಗೆ ಇಳಿಯುವವರು ಟೋಪಿಗೆ ದೀಪ ಸಿಕ್ಕಿಸಿಕೊಳ್ಳುತ್ತಾರೆ. ಆ ದೀಪದ ಬ್ಯಾಟರಿ ಈ ಗೂಡಿನಲ್ಲಿ ಕೂತಿರುತ್ತದೆ, ಬೆನ್ನ ಮೇಲಿಂದ ತಲೆಗೆ ವಾಯರು ಹೋಗಿರುತ್ತದೆ. ಬಲ್ಲಾರಪುರದ ಆಚೆ ಕಲ್ಲಿದ್ದಲ ಗಣಿಯಲ್ಲಿ ಹರೆಯವನ್ನೆಲ್ಲ ಕಳೆದು ನಿನ್ನ ಭಾವ ಮನೆಗೆ ಹೊರಟಾಗ ಗಣಿಯವರು ಟೋಪಿ, ದೀಪ, ಬ್ಯಾಟರಿ ಎಲ್ಲವನ್ನೂ ತಮ್ಮಲ್ಲೇ ಇಟ್ಟುಕೊಂಡರು. ಪಟ್ಟಾ ಹಳತಾಗಿದೆ, ಒಯ್ಯಿ ಎಂದರು. ಬೆಳಕು ಅವರಿಗೆ ಉಳಿಯಿತು, ವಾಸನೆ ನನಗೆ ಬಂತು.

ಅದೆಂಥ ವಾಸನೆ! ಬ್ಯಾಟರಿಯಿಂದ ಸೋರಿದ ಆಸಿಡ್ಡು, ವರ್ಷಾನುಗಟ್ಟಲೆಯ ಬೆವರು, ಕಲ್ಲಿದ್ದಲಿನ ಪುಡಿ, ಮೇಲೆ ತಂಬಾಕು. ನಾಯಿಯೊಂದು ಅದನ್ನು ಮೂಸಿ ಸೀನಿ ನಮ್ಮ ಓಣಿಯನ್ನೇ ಬಿಟ್ಟುಹೋಯಿತು. ಆದರೆ ನಿನ್ನ ಭಾವನಿಗೆ ಅದು ಬೇಕೇ ಬೇಕು. ಬರಿ ಸೊಂಟದಲ್ಲಿ ನಿಂತರೆ ಅವರು ಎಡಕ್ಕೆ ವಾಲುತ್ತಾರೆ. ಅಷ್ಟು ಕಾಲ ಬಲಗಡೆ ಭಾರ ಹೊತ್ತ ಮೈಗೆ ಈಗ ಸಪಾಟಾದ ನೆಲವೂ ಇಳಿಜಾರಾಗಿ ಕಾಣುತ್ತದಂತೆ. ಖಾಲಿ ಪಟ್ಟಾ ಸಾಲದೆ, ಬ್ಯಾಟರಿಯಷ್ಟೇ ತೂಕ ಬೇಕೆಂದು ನನ್ನ ಅಡುಗೆಮನೆಯನ್ನೆಲ್ಲ ಹುಡುಕಿ, ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾಹಿಂಡಿ ಕುಟ್ಟುವ ಕಲ್ಲಿನ ಗುಂಡನ್ನು ಆರಿಸಿ ಗೂಡಿಗೆ ಇಳಿಸಿಕೊಂಡರು. ಅಂದಿನಿಂದ ಹಿಂಡಿ ಕುಟ್ಟಬೇಕೆಂದರೆ ಯಜಮಾನರು ಪಟ್ಟಾ ಬಿಚ್ಚಿಟ್ಟು ಊಟಕ್ಕೆ ಕೂಡುವುದನ್ನೇ ಕಾಯುತ್ತೇನೆ.

ಶ್ರಾವಣದಲ್ಲಿ ಮಠದ ಅಯ್ಯನವರು ಮನೆಗೆ ಬಂದಿದ್ದರು. ಅವರ ಕಣ್ಣಿಗೆ ಪೊರೆ ಬಂದಿದೆ, ನಿನಗೆ ಗೊತ್ತು. ನಿನ್ನ ಭಾವನ ಸೊಂಟದಲ್ಲಿ ಗೂಡು, ಗೂಡಿನಲ್ಲಿ ನುಣ್ಣಗಿನ ಕಪ್ಪು ಕಲ್ಲು ಕಂಡದ್ದೇ ತಡ, ನಿಂತಲ್ಲೇ ನಡುಗಿದರು.

"ಏ ಕಲ್ಯಾಣಪ್ಪಾ! ಲಿಂಗ ಹೊಕ್ಕಳಕಿಂತ ಕೆಳಗ ಇಳಸ್ಯೇನು? ಎದಿಮ್ಯಾಲ ಜಾಗ ಇರಲಿಲ್ಲೇನು?"

ಇವರು ಅಂಗಿಯೊಳಗಿನಿಂದ ಕೊರಳ ಕರಡಿಗೆ ತೆಗೆದು ತೋರಿಸಿ ಸಾವಕಾಶ ಹೇಳಿದರು: "ಲಿಂಗ ಇಲ್ಲೇ ಎದಿಮ್ಯಾಲ ಅದರಿ ಅಯ್ಯಾರ. ಅದು ಹಿಂಡಿ ಕುಟ್ಟೋ ಗುಂಡ್ರಿ."

ಅಯ್ಯನವರು ಅಂದು ನಮ್ಮ ಮನೆಯಲ್ಲಿ ಹಿಂಡಿ ಮುಟ್ಟಲಿಲ್ಲ.

ಇನ್ನೊಂದು ಹೇಸಿಗೆ ಕೇಳು. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಇವರು ನನ್ನ ಒಲೆಯಲ್ಲಿ ಮೊಳೆ ಕಾಯಿಸಿ ಪಟ್ಟಾಗೆ ಹೊಸ ತೂತು ಕೊರೆಯುತ್ತಾರೆ. ಮೇಲೆ ಹಂಚಿನಲ್ಲಿ ರೊಟ್ಟಿ, ಕೆಳಗೆ ಸುಡುವ ಚರ್ಮ. ಆ ದಿನ ರೊಟ್ಟಿ ತಿಂದರೆ ಚಪ್ಪಲಿ ತಿಂದಂತೆ. "ಇದ್ದ ತೂತು ಸಾಲಂಗಿಲ್ಲೇನ್ರಿ?" ಎಂದರೆ, "ಚರ್ಮ ಜಗ್ಗತದ" ಎನ್ನುತ್ತಾರೆ. ಜಗ್ಗುತ್ತದಂತೆ! ಜಗ್ಗಲಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಆಗಸ್ಟ್ ಹದಿನೈದಕ್ಕೆ ನಮ್ಮೂರ ತರುಣ ಸಂಘದವರಿಗೆ ಯಾರನ್ನಾದರೂ ಸನ್ಮಾನಿಸಬೇಕೆಂಬ ಚಪಲ ಹತ್ತಿತು. ನೆಲದೊಳಗೆ ಇಳಿದು ಬಂದ ಕಲ್ಯಾಣಪ್ಪನವರು ಸಿಕ್ಕರು. ಮುಖ್ಯ ಅತಿಥಿಗಳಾಗಿ ಜೇವರ್ಗಿಯಿಂದ ದೌಲತರಾಯರು ಜೀಪಿನಲ್ಲಿ ದಯಮಾಡಿಸಿದರು. ಕಾಳುಕಡಿ ದಲಾಲಿಯ ಅಡತ ಅಂಗಡಿಯ ಧಣಿ, ಯಾವುದಾದರೂ ಚುನಾವಣೆಗೆ ನಿಲ್ಲಬೇಕೆಂದು ಹಟ ಹಿಡಿದವರು, ಕಾರ್ಮಿಕ ಬಂಧು ಎಂದು ತಮ್ಮನ್ನು ತಾವೇ ಕರೆದುಕೊಳ್ಳುವವರು. ಅವರ ಅಂಗಡಿಯಲ್ಲಿ ಮೂಟೆ ಹೊರುವ ಹಮಾಲರ ಹತ್ತಿರ ಈ ಬಂಧುತ್ವದ ವಿಚಾರ ಕೇಳಬಾರದು.

ನಿನ್ನ ಭಾವನಿಗೆ ಒಂದು ಶಾಲು ಹೊದಿಸಿದರು. ಸೊಳ್ಳೆ ನಿರಾತಂಕವಾಗಿ ಹಾಯ್ದು ಹೋಗುವಂಥ ನೇಯ್ಗೆ. ಕೈಗೊಂದು ತೆಂಗಿನಕಾಯಿ. ಎರಡು ಮಾತಾಡಿರಿ ಎಂದು ಮೈಕು ಮುಂದಿಟ್ಟರು. ಇವರು ಕೆಮ್ಮಿದರು. ಬಹಳ ಹೊತ್ತು ಕೆಮ್ಮಿದರು. ಜನ ಚಪ್ಪಾಳೆ ತಟ್ಟಿದರು. ಕಸ್ತೂರಿ, ನಾನು ಹೆಂಗಸರ ಸಾಲಿನಲ್ಲಿ ಕೂತು ಆ ಚಪ್ಪಾಳೆ ಕೇಳಿದೆ. ಅಂಥ ಹೊಲಸು ಸಪ್ಪಳ ನಾನು ಹಿಂದೆಂದೂ ಕೇಳಿರಲಿಲ್ಲ.

ಆಮೇಲೆ ದೌಲತರಾಯರ ಕಣ್ಣು ಪಟ್ಟಾದ ಮೇಲೆ ಬಿತ್ತು. "ಬಂಧುಗಳೇ, ಇದು ಪಟ್ಟಾ ಅಲ್ಲ, ಕಾರ್ಮಿಕನ ಬೆವರಿನ ಪತಾಕಿ!" ಎಂದು ಕೂಗಿ, ಬಿಚ್ಚಿಸಿಕೊಂಡು ತಮ್ಮ ಸೊಂಟಕ್ಕೆ ಸುತ್ತಲು ಹೋದರು. ಅದು ಸುತ್ತಲೊಲ್ಲದು. ಅವರ ಹೊಟ್ಟೆ ದೊಡ್ಡದು. ನಿನ್ನ ಭಾವ ಹರೆಯದಲ್ಲಿ ಹಾಕುತ್ತಿದ್ದ ಮೊಟ್ಟಮೊದಲ ತೂತಿಗೂ ಕೊಂಡಿ ಮುಟ್ಟಲಿಲ್ಲ. ಕೊನೆಗೆ ಸಂಘದವರು ಸುತಳಿ ಕಟ್ಟಿ ಎರಡೂ ತುದಿಗಳನ್ನು ಕೂಡಿಸಿದರು, ಫೋಟೋ ತೆಗೆದರು. "ಇದನ್ನ ಹಳ್ಳಿಹಳ್ಳಿಗೂ ಒಯ್ದು ಪ್ರದರ್ಶನಕ್ಕ ಇಡ್ತೇನಿ!" ಎಂದು ಸಾರಿ, ಸುತಳಿಯ ಸಮೇತ ಜೀಪು ಹತ್ತಿಯೇ ಬಿಟ್ಟರು. ನಿನ್ನ ಭಾವ ಒಂದು ಕೈಯಲ್ಲಿ ತೆಂಗಿನಕಾಯಿ, ಒಂದು ಕೈಯಲ್ಲಿ ಹಿಂಡಿಯ ಗುಂಡು ಹಿಡಿದು, ಎಡಕ್ಕೆ ವಾಲುತ್ತ ಮನೆಗೆ ಬಂದರು.

ಸುಳ್ಳು ಯಾಕೆ ಹೇಳಲಿ, ನನಗೆ ಹಬ್ಬ. ಮರುದಿನವೇ ಮನೆ ಸಾರಿಸಿದೆ, ಊದಿನಕಡ್ಡಿ ಹಚ್ಚಿದೆ, ಗುಂಡು ಸಿಕ್ಕ ಸಂತೋಷಕ್ಕೆ ವಾರಕ್ಕಾಗುವಷ್ಟು ಹಿಂಡಿ ಕುಟ್ಟಿದೆ. ಆ ಸಂತೋಷ ಹಿಂಡಿ ಮುಗಿಯುವ ಮೊದಲೇ ಮುಗಿಯಿತು. ಇವರು ಮೊದಲು ಗೋಡೆ ಹಿಡಿದು ನಡೆದರು. ಆಮೇಲೆ ಅಂಗಳ ದಾಟಲಿಲ್ಲ. ಆಮೇಲೆ ಕಟ್ಟೆಯ ಮೇಲೆ ಕೂತವರು ಏಳಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಸೈಕಲ್ ಅಂಗಡಿ ಇಟ್ಟಿರುವ ದಾವಲಸಾಬ ಗೊತ್ತಲ್ಲ, ಇವರ ಜೊತೆಗೇ ಗಣಿಗೆ ಹೋಗಿ ಜೊತೆಗೇ ಬಂದವ? ದಿನಾ ಅವನ ಅಂಗಡಿಗೆ ಹೋಗಿ ಚಹಾ ಕುಡಿದು ಬರುವುದೇ ಇವರ ದಿನಚರಿ. ಅದೂ ನಿಂತಿತು. ನಾನು ಹಳೆಯ ಸೀರೆಯ ಚೀಲ ಹೊಲಿದು, ಗುಂಡು ಹಾಕಿ ಸೊಂಟಕ್ಕೆ ಕಟ್ಟಿದೆ.

"ಜೋಲಾಡ್ತದ, ಬಿಚ್ಚು," ಎಂದರು. ಅಷ್ಟೇ ಮಾತು.

ನಾಲ್ಕು ದಿನಕ್ಕೆ ದಾವಲಸಾಬನೇ ಮನೆಗೆ ಬಂದ.

"ಭಾಬಿ, ಭಾಯಿ ಹಿಂಗ ಕುಂತರ ಕುಂತೇ ಬಿಡ್ತಾನ. ಗಣಿಯಾಗ ನೋಡೇನಿ ನಾ. ಕೆಮ್ಮಿನವರು ನಡಿಯೋದು ಬಿಟ್ರ ಆತು."

"ಏನಾತು?" ಎಂದೆ.

ಅವನು ಸೈಕಲ್ಲಿನ ಗಂಟೆ ಒರೆಸತೊಡಗಿದ.

"ನಡಿ ಹಂಗಾರ," ಎಂದೆ. "ಆ ಹೊಲಸು ತಗೊಂಡ ಬರೋಣು."

ನಾವಿಬ್ಬರೂ ಗುಲಬರ್ಗಾಕ್ಕೆ ಹೋಗಿ, ಬಸ್ಸು ಬದಲಿಸಿ ಜೇವರ್ಗಿಗೆ ಇಳಿದೆವು. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಹೆದ್ದಾರಿಗೆ ಮುಖ ಮಾಡಿದ ಪಡಸಾಲೆ, ಅಲ್ಲಿ ತೂಗುಮಂಚ, ಮಂಚದ ಮೇಲೆ ಕಾರ್ಮಿಕ ಬಂಧು. ಪ್ರದರ್ಶನದ ವ್ಯವಸ್ಥೆಯೂ ಅಲ್ಲೇ ಆಗಿತ್ತು. ಪಟ್ಟಾವನ್ನು ಕೈಗೆಟಕುವಂತೆ ಮಂಚದ ಸರಪಳಿಗೆ ಬಿಗಿದಿದ್ದರು. ಬ್ಯಾಟರಿ ಕೂಡುವ ಗೂಡಿನಲ್ಲಿ ಹಿತ್ತಾಳೆಯ ಪೀಕದಾನಿ ಕೂತಿತ್ತು. ಅಳತೆ ಮಾಡಿ ಹೊಲಿಸಿದಂತೆ ಕೂತಿತ್ತು. ನಾವು ನೋಡುತ್ತಿದ್ದಂತೆಯೇ ಧಣಿ ಪಕ್ಕಕ್ಕೆ ಬಾಗಿ ಎಲೆಯಡಿಕೆಯ ರಸ ಉಗುಳಿದರು. ಅರ್ಧ ಪೀಕದಾನಿಗೆ, ಅರ್ಧ ಪಟ್ಟಾಗೆ.

ಕಸ್ತೂರಿ, ಆ ಪಟ್ಟಾಗೆ ನಾನು ಬೈದಷ್ಟು ಯಾರೂ ಬೈದಿಲ್ಲ. ಆದರೆ ಬೈಯುವ ಹಕ್ಕು ನನ್ನದು. ಆ ಕೆಂಪು ರಸ ಚರ್ಮದ ಮೇಲಿಂದ ಇಳಿಯುವುದನ್ನು ಕಂಡು ನನ್ನ ಮುಖಕ್ಕೇ ಉಗುಳಿದಂತಾಯಿತು.

"ಬರ್ರಿ ಬರ್ರಿ ತಾಯಿ, ಏನ್ ಕೆಲಸ ಇತ್ತು?" ಎಂದರು.

"ಪಟ್ಟಾ ಕೊಡ್ರಿ ನಮ್ಮದು."

"ಅದು ಈಗ ಜನರ ಆಸ್ತಿ ಆಗ್ಯದವ್ವಾ. ಪ್ರದರ್ಶನಕ್ಕ ಬೇಕಲ್ಲ."

"ಕಾಣಾಕತ್ತದ್ರಿ ಪ್ರದರ್ಶನ. ಜನ ಪಾಳಿ ಹಚ್ಚಿ ಬಂದು ಉಗುಳಿ ಹೋಗ್ತಾರೋ, ಇಲ್ಲಾ ನೀವೊಬ್ಬರೇ ಅವರ ಪರವಾಗಿ ಉಗುಳ್ತೀರೋ?"

ಬಾಗಿಲ ಮರೆಯಿಂದ ಅವರ ಮನೆಯಾಕೆ ಗುರುಶಾಂತಮ್ಮ ಮಾತಾಡಿದಳು: "ಕೊಟ್ಟು ಕಳಸ್ರಿ ಅದನ್ನ! ಮನಿ ತುಂಬ ನಾರಾಕತ್ತದ. ಒಯ್ಯಿ ಅಕ್ಕಾ, ನಿನಗ ಪುಣ್ಯ ಬರತದ. ಹ್ಯಾಂಗ ಇಟಗೊಂಡಿದ್ದಿ ಇದನ್ನ?" ಜೇವರ್ಗಿಯಲ್ಲಿ ನನ್ನ ಕಷ್ಟ ಅರ್ಥವಾದದ್ದು ಆ ಒಬ್ಬ ಹೆಣ್ಣುಮಗಳಿಗೆ.

ಧಣಿಗೆ ಉತ್ತರ ಕೊಡುವ ಆಸೆಯಿತ್ತು, ಬಾಯಿ ತುಂಬ ಹೊಸ ಎಲೆಯ ರಸವೂ ಇತ್ತು. ಉಗುಳಲು ತಿರುಗುವಷ್ಟರಲ್ಲಿ ನಾನು ಪೀಕದಾನಿ ಎತ್ತಿ ಅವರ ಎರಡೂ ಕೈಗಳಲ್ಲಿ ಇಟ್ಟೆ. "ಹಿಡೀರಿ ಸಾಹುಕಾರ್ರ, ನಿಮ್ಮದು ನಿಮಗ." ಕೆನ್ನೆ ಉಬ್ಬಿಸಿಕೊಂಡು, ಎರಡೂ ಕೈಯಲ್ಲಿ ಅದನ್ನು ಹಿಡಿದು ಅವರು ನಿಂತ ಭಂಗಿ ಥೇಟು ಸನ್ಮಾನ ಸ್ವೀಕರಿಸುವವರದು. ದಾವಲಸಾಬ ಚಪ್ಪಾಳೆ ತಟ್ಟಿದ. ಪಕ್ಕದಲ್ಲೇ ಇದ್ದ ಅವರ ಅಂಗಡಿಯ ಹಮಾಲರೂ ಏನು ಎತ್ತ ಗೊತ್ತಿಲ್ಲದೆ ತಟ್ಟಿದರು. ಅಷ್ಟರಲ್ಲಿ ನಾನು ಸರಪಳಿಯಿಂದ ಪಟ್ಟಾ ಬಿಚ್ಚಿಕೊಂಡಿದ್ದೆ.

ಬರುವಾಗ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಟ್ಟಾವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ, ಅಕ್ಕಪಕ್ಕದವರು ಎದ್ದು ಬಾಗಿಲ ಕಡೆ ಹೋದರು. ದಾವಲಸಾಬ ಕಾಲು ಚಾಚಿ ಮಲಗಿಕೊಂಡೇ ಬಂದ. ಮನೆಗೆ ಬಂದು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದೆ. ಇಷ್ಟು ವರ್ಷ ಕಟ್ಟಿಗೆಯಿಂದ ಸರಿಸುತ್ತಿದ್ದದ್ದನ್ನು ಬರಿಗೈಯಿಂದ ತಿಕ್ಕಿದೆ. ಯಜಮಾನರ ಕೈಗೆ ಕೊಟ್ಟರೆ ಅವರು ಮೂಗಿನ ಹತ್ತಿರ ಹಿಡಿದು ಸಂಶಯಪಟ್ಟರು.

"ಯಾರದು ತಂದಿ ಇದು? ವಾಸನೀನೇ ಇಲ್ಲ!"

ಗಂಡಸರ ಉಪಕಾರಸ್ಮರಣೆ ಇಷ್ಟು. ಆದರೂ ಗುಂಡು ಇಳಿಸಿಕೊಂಡು ಎದ್ದು ನಿಂತರು, ನೆಟ್ಟಗೆ ನಿಂತರು. ಮರುದಿನ ಬೆಳಿಗ್ಗೆ ದಾವಲಸಾಬನ ಅಂಗಡಿಯ ತನಕ ಹೋಗಿ ಚಹಾ ಕುಡಿದು ಬಂದರು. ನನ್ನ ಹಿಂಡಿ ಮತ್ತೆ ನಿಂತಿದೆ.

ಇಷ್ಟೆಲ್ಲ ಆದ ಮೇಲೂ ಅದನ್ನು ಕಂಡರೆ ನನಗೆ ಹೇಸಿಗೆಯೇ. ನೀನು ಬಂದಾಗ ಸೆರಗು ಮೂಗಿಗೆ ಹಿಡಿಯಬಹುದು, ನನ್ನ ಅಭ್ಯಂತರವಿಲ್ಲ.

ನಿನ್ನ ಯಜಮಾನರಿಗೆ ನಮಸ್ಕಾರ ಹೇಳು, ಮಕ್ಕಳ ತಲೆಯ ಮೇಲೆ ನನ್ನ ಪರವಾಗಿ ಕೈಯಿಡು. ನಿನ್ನ ಮನೆಯ ಒಲೆ ರೊಟ್ಟಿಯ ವಾಸನೆಯನ್ನೇ ಕೊಡುತ್ತಿರಲಿ, ಬೇರೇನೂ ಅಲ್ಲಿ ಸುಡದಿರಲಿ.

ನಿನ್ನ ಅಕ್ಕ,
ಗೌರಾಬಾಯಿ

ತಾಜಾಕಲಂ: ಪತ್ರ ಮಡಚಿದ ಮೇಲೆ ಮತ್ತೆ ಬಿಚ್ಚಿದ್ದೇನೆ. ಚರ್ಮ ಜಗ್ಗುತ್ತದೆ ಎಂಬ ಮಾತು ನಾನೂ ನಂಬಿರಲಿಲ್ಲ, ನೀನೂ ನಂಬಬೇಡ. ಚರ್ಮ ಇದ್ದಷ್ಟೇ ಇದೆ. ಜೇವರ್ಗಿಯಿಂದ ತಂದ ದಿನ ಸೊಂಟಕ್ಕೆ ಬಿಗಿದರೆ, ಹಿಂದಿನ ಸಲ ಕೊರೆದ ತೂತಿಗೆ ಹಾಕಿದರೂ ಪಟ್ಟಾ ಜಾರಿ ತೊಡೆಗೆ ಬಂತು. ಈ ಸಲ ಮೊಳೆ ನಾನೇ ಕಾಯಿಸಿದೆ. ಎಲ್ಲಿ ಕೊರೆಯಲಿ ಎಂದು ಕೇಳಿದೆ. ಇವರು ಬೆರಳು ಬಹಳ ಒಳಗೆ ಇಟ್ಟು ತೋರಿಸಿದರು. "ಇಲ್ಲೇ ಹಾಕಿಬಿಡು. ಮತ್ತ ಮತ್ತ ಯಾಕ ಒಲಿ ಹಚ್ತಿ?" ಎಂದರು.

ಅವರು ತೋರಿಸಿದಲ್ಲಿ ನಾನು ಹಾಕಲಿಲ್ಲ. ಇವತ್ತಿನ ಸೊಂಟಕ್ಕೆ ಎಲ್ಲಿ ಬೇಕೋ ಅಲ್ಲಿಗೇ ಹಾಕಿದೆ.

ದೀಪಾವಳಿಗೆ ಬರುತ್ತೇನೆ ಎಂದು ಬರೆದಿದ್ದೀ. ಅಷ್ಟು ತಡ ಮಾಡಬೇಡ ಕಸ್ತೂರಿ. ಮಹಾನವಮಿಗೇ ಬಾ.