ನಗುತ್ತಿದ್ದಾರೆ ಎಂದರು

ಮಾರ್ಚ್ ೧೪, ಗುರುವಾರ

ನನ್ನ ಮುದ್ದಿನ ತಂಗಿಗೆ,

ಮಕ್ಕಳೆಲ್ಲ ಚೆನ್ನಾಗಿದ್ದಾರಾ? ನಿನ್ನ ಪತ್ರಗಳಿಗೆ ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಂಡಿರುತ್ತೀಯ. ಬರೆಯಲು ಕೂತರೆ ಕೈಯೇ ಏಳುತ್ತಿರಲಿಲ್ಲ ಕಣೇ. ನಮ್ಮ ಗುಂಡನಿಗೆ ಆಪರೇಷನ್ ಆಯಿತು. ಗಾಬರಿಯಾಗಬೇಡ, ಮನೆಗೆ ಬಂದಿದ್ದಾನೆ.

ಹೋದ ತಿಂಗಳು ಒಂದು ಬೆಳಗ್ಗೆ ತಟ್ಟೆಯ ಮುಂದೆ ಕೂತವನು ಸುಮ್ಮಸುಮ್ಮನೆ ನಗತೊಡಗಿದ. ನೋವಾದರೆ ನಮ್ಮ ತಮ್ಮ ನಗುತ್ತಾನಲ್ಲವೇ! ಚಿಕ್ಕಂದಿನಲ್ಲಿ ಬಾಗಿಲ ಸಂದಿಗೆ ಅವನ ಬೆರಳು ಸಿಕ್ಕಾಗ, ನಾವಿಬ್ಬರೂ ಅವನ ಜೊತೆ ಸೇರಿ ನಕ್ಕು ಅಮ್ಮನ ಕೈಲಿ ಬಾರಿಸಿಕೊಂಡದ್ದು ನೆನಪಿದೆಯಾ? ಹೊಟ್ಟೆ ಮುಟ್ಟಿ ನೋಡಿದೆ, ಕಲ್ಲಿನ ಹಾಗಿತ್ತು. ಹೊಲಿಗೆ ಅಂಗಡಿಗೆ ಬೀಗ ಜಡಿದು ಆಸ್ಪತ್ರೆಗೆ ಕರೆದುಕೊಂಡು ಓಡಿದೆ.

ವಾರ್ಡಿನ ಬಾಗಿಲಲ್ಲಿ ಕಾವಲಿನವನು ಕೈ ಅಡ್ಡ ಹಿಡಿದ. "ಪೇಷೆಂಟ್ ಒಬ್ರೇ ಒಳಗೆ. ಜೊತೆಯವರನ್ನ ಬಿಡಲ್ಲಮ್ಮ."

"ಇವನಿಗೆ ಮಾತು ಬರಲ್ಲಪ್ಪ. ಎಲ್ಲಿ ನೋವು ಅಂತ ನಾನೇ ಹೇಳ್ಬೇಕು."

"ಅದೆಲ್ಲ ನರ್ಸ್ ನೋಡ್ಕೋತಾರೆ."

ಗುಂಡ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಿದ್ದ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಒಳಗೆ ಕರೆದೊಯ್ದರು.

ಸಂಜೆ ನರ್ಸ್ ಹೊರಗೆ ಬಂದು, "ಯಾಕಕ್ಕ ಅಳ್ತೀರ? ನಿಮ್ಮ ತಮ್ಮ ಆರಾಮಾಗಿದ್ದಾರೆ. ನಗ್ತಾನೇ ಇದ್ದಾರೆ" ಎಂದಳು. ಪಾಪ, ಸಮಾಧಾನ ಮಾಡಲೆಂದೇ ಹೇಳಿದ್ದು. ಹಾಗಾದರೆ ಅವನಿಗೆ ನೋವು ಹೆಚ್ಚಾಗಿದೆ ಎಂದೆ. ಎಷ್ಟು ಬಿಡಿಸಿ ಹೇಳಿದರೂ ಅವಳಿಗೆ ನಂಬಿಕೆ ಬರಲಿಲ್ಲ. ನೋವಿಗೆ ಯಾರಾದರೂ ನಗುತ್ತಾರೆಯೇ ಎಂದು ನನ್ನನ್ನೇ ವಿಚಿತ್ರವಾಗಿ ನೋಡಿದಳು.

ಮರುದಿನ ಬೆಳಗ್ಗೆ ದೊಡ್ಡ ಡಾಕ್ಟರು ಬರುವಾಗ ಅವರ ದಾರಿಗೆ ಅಡ್ಡ ನಿಂತುಬಿಟ್ಟೆ. "ಅವನು ನಗ್ತಿಲ್ಲ ಡಾಕ್ಟ್ರೇ, ನರಳ್ತಿದ್ದಾನೆ!" ಎಂದು ಕಿರುಚಿದೆ. ಅವರು ನಿಂತು ಕೇಳಿಸಿಕೊಂಡು ಸರಸರನೆ ಒಳಗೆ ಹೋದರು. ಅಷ್ಟರಲ್ಲಿ ಅಪೆಂಡಿಕ್ಸ್ ಒಡೆದು ಹೊಟ್ಟೆಯೆಲ್ಲ ಕೀವಾಗಿತ್ತಂತೆ. ಬದುಕಿದ್ದೇ ಹೆಚ್ಚು.

ಆಪರೇಷನ್ ಮುಗಿದ ಮೇಲೆ ಡಾಕ್ಟರು, "ನಿಮ್ಮನ್ನ ಒಳಗೆ ಬಿಟ್ಟಿದ್ರೆ ನಿನ್ನೆನೇ ಗೊತ್ತಾಗ್ತಿತ್ತಮ್ಮ" ಎಂದು ಹೇಳಿ, ಮಂಚದ ಪಕ್ಕ ಕುರ್ಚಿ ಹಾಕಿಸಿದರು. ನಾನು ಸುಮ್ಮನಾಗಲಿಲ್ಲ. "ನನಗೊಬ್ಬಳಿಗೆ ದಯೆ ತೋರಿಸಿದ್ರೆ ಸಾಲದು. ತಮ್ಮವರೊಬ್ಬರು ಜೊತೆಗಿರೋದು ಇಂಥವರ ಹಕ್ಕು" ಎಂದೆ. ಅಷ್ಟು ಧೈರ್ಯ ಎಲ್ಲಿತ್ತೋ! "ಆಡಳಿತದವರ ಹತ್ತಿರ ಮಾತಾಡ್ತೀನಿ" ಎಂದಿದ್ದಾರೆ. ನೋಡಬೇಕು.

ಗಾಯ ಮಾಯುತ್ತಿದೆ. ನೀನು ಹೊತ್ತುಹೊತ್ತಿಗೆ ಊಟ ಮಾಡು. ನಿನ್ನ ಸಂಸಾರ ತಣ್ಣಗಿರಲಿ.

ನಿನ್ನ
ಅಕ್ಕ

ಮತ್ತೆ: ಆಗುವುದಾದರೆ ಒಮ್ಮೆ ಬಂದು ಹೋಗೇ. ಗುಂಡ ನನ್ನ ಹತ್ತಿರ ಬರುತ್ತಿಲ್ಲ. ತಟ್ಟೆ ಹಿಡಿದು ಹೋದರೆ ಗೋಡೆಯ ಕಡೆ ತಿರುಗುತ್ತಾನೆ. ಪಕ್ಕದ ಮನೆಯವಳು ತಿನ್ನಿಸಿದರೆ ತಿನ್ನುತ್ತಾನೆ. ನಾನೇ ಅವನನ್ನು ಅಲ್ಲಿ ಬಿಟ್ಟುಹೋದೆ ಎಂದುಕೊಂಡಿದ್ದಾನೆ. ಆ ರಾತ್ರಿಯೆಲ್ಲ ವಾರ್ಡಿನ ಬಾಗಿಲಾಚೆ ನೆಲದ ಮೇಲೆ ಕೂತೇ ಇದ್ದೆ ಎಂದು ಅವನಿಗೆ ಹೇಗೆ ತಿಳಿಸಲಿ? ಇಷ್ಟು ವರ್ಷ ಅವನ ಮಾತನ್ನು ಊರಿಗೆಲ್ಲ ಹೇಳಿದವಳು ನಾನು. ನನ್ನ ಮಾತನ್ನು ಅವನಿಗೆ ಹೇಳುವವರು ಯಾರೂ ಇಲ್ಲ.