ಕಣದ ಮೇಲೆ ಬಿದ್ದ ನೆರಳು

ಆಲ್ದೂರು,
೧೮ ಜನವರಿ ೧೯೯೯

ಆರ್ಕಿಟೆಕ್ಟ್ ಸದಾನಂದ ಹೆಬ್ಬಾರರಿಗೆ,

ನಮ್ಮ ಎಸ್ಟೇಟಿನ ದಿಬ್ಬದ ಮೇಲೆ ನೀವು ಸಾಹುಕಾರರಿಗೆ ಕಟ್ಟಿಕೊಟ್ಟ, ಕಂಬವಿಲ್ಲದೆ ಗಾಳಿಯಲ್ಲಿ ಮುಂದೆ ಚಾಚಿದ ಮನೆಯ ಫೋಟೋ ಪತ್ರಿಕೆಯಲ್ಲಿ ಬಂದಿತ್ತು. ಅದು ಚಂದವೋ ವಿಕಾರವೋ ಎಂದು ಓದುಗರು ಎರಡು ವಾರದಿಂದ ಜಗಳವಾಡುತ್ತಿದ್ದಾರೆ. ಅವರಲ್ಲಿ ಒಬ್ಬರೂ ಅದರ ಕೆಳಗಿನ ಕಣದಲ್ಲಿ ನಿಂತವರಲ್ಲ.

ಆ ಕಣದಲ್ಲಿ ನನ್ನ ಅವ್ವ ಹದಿನೆಂಟು ವರ್ಷದಿಂದ ಕಾಫಿ ಒಣಗಿಸುತ್ತಾಳೆ. ಈ ಸಲ ಮಧ್ಯಾಹ್ನ ಎರಡಾದರೆ ಸಾಕು, ನೀವು ಕಟ್ಟಿದ ಮನೆಯ ನೆರಳು ಅರ್ಧ ಕಣವನ್ನು ಮುಚ್ಚುತ್ತದೆ. ಕಾಫಿಗೆ ಬೂಷ್ಟು ಬಂತು. ಸಾಹುಕಾರರು ಎಲ್ಲರೆದುರು ಅವ್ವನ ಮೇಲೆ ಹರಿಹಾಯ್ದರು.

"ಮಾತಾಡ್ತಾ ಕೂತ್ರೆ ಕಾಫಿ ಒಣಗ್ತದೇನೇ?"

"ನೆರಳು ಬೀಳ್ತದೆ ಸಾವ್ಕಾರ್ರೆ."

"ಪೇಪರಲ್ಲಿ ಬಂದ ಮನೆ ಮೇಲೆ ತಪ್ಪು ಹೊರಿಸ್ತೀಯಾ? ಈ ತಿಂಗಳಿಗೆ ನಿನ್ನ ಕೆಲ್ಸ ಮುಗೀತು."

ನಾನು ಓದಿದ ಕೂಲಿ ಸಂಘದ ಕರಪತ್ರಗಳ ಪ್ರಕಾರ ಇಂಥ ಮನೆಯನ್ನು ಕುರೂಪವೆನ್ನಬೇಕು. ಸುಳ್ಳು ಹೇಳಲಾರೆ. ಒಮ್ಮೆ ಅಲ್ಲಿ ನೆಲ ಒರೆಸಲು ಹೋದಾಗ ನೀವು ಮಾಡಿದ ಮೆಟ್ಟಿಲಿನ ಚಂದ ನೋಡಿ ಬಟ್ಟೆ ಹಿಂಡುವುದನ್ನೇ ಮರೆತಿದ್ದೆ. ಸಿಟ್ಟು ಹೆಚ್ಚಿರುವುದು ಅದಕ್ಕೇ. ಇಷ್ಟೆಲ್ಲ ಬಲ್ಲ ನೀವು, ಕಾಫಿಗೆ ಎಷ್ಟು ಹೊತ್ತು ಬಿಸಿಲು ಬೇಕೆಂದು ಕಣದ ಒಬ್ಬ ಹೆಂಗಸನ್ನೂ ಕೇಳಲಿಲ್ಲ.

ನಿಮ್ಮ ಕ್ಷಮೆ ಬೇಡ. ತಪ್ಪು ನೆರಳಿನದು, ಗಿರಿಜಳದ್ದಲ್ಲ ಎಂದು ಸಾಹುಕಾರರಿಗೆ ಎರಡು ಸಾಲು ಬರೆದು ಸಹಿ ಹಾಕಿ. ನಿಮ್ಮ ಮಾತನ್ನು ಅವರು ನಂಬುತ್ತಾರೆ. ಮೂವತ್ತನೇ ತಾರೀಕಿನೊಳಗೆ ಕಾಗದ ಬರದಿದ್ದರೆ, ಮರುದಿನ ನಾನು ಸುಣ್ಣದ ಡಬ್ಬಿ ಹಿಡಿದು ಕಣಕ್ಕಿಳಿಯುತ್ತೇನೆ. ಎರಡರಿಂದ ಐದರವರೆಗೆ ನೆರಳಿನ ಅಂಚಿಗೆ ಗಂಟೆಗೊಂದು ಗೆರೆ ಎಳೆಯುತ್ತೇನೆ. ನೀವು ಕೂರಿಸಿದ ಗಾಜಿನ ಗೋಡೆಯಿಂದ ಸಾಹುಕಾರರಿಗೆ ಅವು ಸ್ಪಷ್ಟವಾಗಿ ಕಾಣುತ್ತವೆ.

ಗಿರಿಜಳ ಮಗಳು,
ವನಜಾ