ಎರಡು ಸಲ ಗಂಜಿ ಕುಡಿದ ಹಾಯಿ

ಹೊನ್ನಾವರ
3 ಜನವರಿ 2025, ಶುಕ್ರವಾರ

ನನ್ನ ಮುದ್ದು ಅಪ್ಪಾ,

ನಿನ್ನ ಮೊಣಕಾಲು ಹೇಗಿದೆ? ಮಗ್ಗದ ಕುಣಿಯಿಂದ ಏಳುವಾಗ ಇನ್ನೂ ಅವ್ವನ ಹೆಗಲು ಹಿಡಿಯುತ್ತೀಯಾ? ನಾನಂತೂ ತುಂಬ ತುಂಬ ಚೆನ್ನಾಗಿದ್ದೇನೆ. ಮದುವೆಯಾಗಿ ನಲವತ್ತೊಂದು ದಿನ, ಅದರಲ್ಲಿ ಮೂರು ದಿನ ಸಮುದ್ರದ ಮೇಲೆ. ನಮ್ಮ ಬನಹಟ್ಟಿಯಲ್ಲಿ ಹೇಳಿದರೆ ಯಾರೂ ನಂಬಲಿಕ್ಕಿಲ್ಲ. ಕಾರವಾರದಲ್ಲಿ ದೋಣಿ ಹತ್ತಿ, ತದಡಿ, ಕುಮಟಾ ದಾಟಿ ನಿನ್ನೆ ಸಂಜೆ ಇಲ್ಲಿ ಇಳಿದೆವು. ಪ್ರವಾಸಿಗರಿಗೆ ಹಳೆಯ ಬಂದರು ತೋರಿಸುವುದೇ ನಿನ್ನ ಅಳಿಯನ ಕೆಲಸ, ಆದರೆ ಈ ಸಲ ಪ್ರವಾಸಿಗರಿಲ್ಲ, ನೀನು ನೇಯ್ದ ಹಾಯಿಯ ಪರೀಕ್ಷೆ. ಒಂದು ಕಾಲಕ್ಕೆ ನಮ್ಮ ಕಡೆಯ ಹತ್ತಿ ಘಟ್ಟ ಇಳಿದು ಕುಮಟಾದಲ್ಲೇ ಹಡಗು ಹತ್ತುತ್ತಿತ್ತಂತೆ. ಇವರಿಗೆ ಎಷ್ಟೊಂದು ಗೊತ್ತು ಅಪ್ಪಾ. (ಹೆಸರು ಬರೆಯಲು ಇನ್ನೂ ನಾಚಿಕೆ.)

"ಹಾಯಿ ಹರದರ ಹರದೈತಿ ಅಂತ ಖರೆ ಬರಿ. ಹಂಗಾದರ ಸಂಕ್ರಮಣ ಮುಗದ ಮ್ಯಾಲೆ ಮಗ್ಗ ಬಿಚ್ಚಿ ಗಿರಿಮಲ್ಲಪ್ಪನ ಕಟಗಿ ಅಡ್ಡೆಕ ಹಾಕತೇನಿ. ಫೋನಿನಾಗ ನೀ ಬರೇ ನಗತಿ" ಎಂದಿದ್ದೆಯಲ್ಲ, ಅದಕ್ಕೇ ಪತ್ರ. ಖರೆ ಏನೆಂದರೆ, ತಪ್ಪು ನಿನ್ನದೇ. "ಅಳ್ಯಾನ ಕೈಗೆ ಹೋಗೂ ಬಟ್ಟಿ, ಮೆತ್ತಗಿದ್ದರ ಮರ್ಯಾದಿ ಏನ ಉಳೀತು" ಎಂದು, ನೇಯ್ದ ಮೇಲೂ ಎರಡು ಸಲ ಗಂಜಿ ಕುಡಿಸಿದೆ. ಏರಿಸಿದ ಕೂಡಲೇ ಹಾಯಿ ತಗಡಿನ ಹಾಗೆ ಬಡಿದುಕೊಂಡಿತು. ದೋಣಿಯ ಒಡೆಯರಾದ ತಾಂಡೇಲರು ನೋಡಿ, "ಇದು ಹಾಯಿ ಅಲ್ಲ ಮಾರಾಯ್ರೆ, ಹಪ್ಪಳ" ಎಂದರು. ಎರಡು ದಿನ ನಾನು ಅವರ ಮುಖ ನೋಡಲಿಲ್ಲ.

ತದಡಿ ಬಿಟ್ಟ ಮೇಲೆ ಅಲೆಗಳು ಹಾರಿ ಹಾಯಿಯನ್ನು ಪೂರ್ತಿ ತೋಯಿಸಿದವು. ಗಂಜಿ ಕರಗಿ ಇವರ ತಲೆಯ ಮೇಲೆ, ತಾಂಡೇಲರ ಬೀಡಿಯ ಮೇಲೆ, ನನ್ನ ಇಳಕಲ್ ಸೀರೆಯ ಮೇಲೆ ಹಾಲಿನಂತೆ ಸುರಿಯಿತು. ಒಣಗಿದ ಸೀರೆ ಈಗ ಗೋಡೆಗೆ ಒರಗಿ ತಾನಾಗಿ ನಿಂತಿದೆ. ಆದರೆ ಗಂಜಿ ಹೋದ ಮೇಲೆ ನೂಲು ನೀರು ಕುಡಿದು ಉಬ್ಬಿತು, ಸಂದುಗಳು ಮುಚ್ಚಿಕೊಂಡವು, ಹಾಯಿ ಗಾಳಿ ತುಂಬಿಕೊಂಡು ದುಂಡಗಾಯಿತು. ತಾಂಡೇಲರು ಹೊಸ ಬೀಡಿ ಹಚ್ಚಿದರು. ಇಲ್ಲಿ ಇಳಿದ ಮೇಲೆ, ನೀನು ಮಾಡುವ ಹಾಗೆಯೇ, ಅಂಚಿನಿಂದ ಅಂಚಿಗೆ ಬೆರಳಾಡಿಸಿ ನೋಡಿದೆ. ಒಂದು ಎಳೆಯೂ ಹರಿದಿಲ್ಲ.

ಅವ್ವನಿಗೆ ನಮ್ಮಿಬ್ಬರ ನಮಸ್ಕಾರ. ನಿನ್ನ ಮೊಣಕಾಲಿಗೆ ನನ್ನದೊಂದು ಮುತ್ತು.

ನಿನ್ನ
ಶ್ರೀದೇವಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ತಾಂಡೇಲರು ಬಂದು ಗಂಟು ಹಾಕಿದ ಈ ದಾರ ಕೊಟ್ಟುಹೋದರು. ಇನ್ನೊಂದು ದೋಣಿಯ ಹಾಯಿಯ ಅಳತೆಯಂತೆ, ಮಳೆಗಾಲಕ್ಕೆ ಮೊದಲು ಬೇಕಂತೆ. ಗಿರಿಮಲ್ಲಪ್ಪ ಬಂದರೆ ಚಹಾ ಕೊಟ್ಟು ಕಳಿಸು. ಉಳಿದ ಗಂಜಿಗೆ ಉಪ್ಪು ಹಾಕಿ ನೀನೇ ಕುಡಿ.